ಎಲ್ಲಿ ಒತ್ತಿದರೂ ಸರಿ

ರೋಣದ ಮಾರುಕಟ್ಟೆಯಲ್ಲಿ ಮಹಾಲಿಂಗಪ್ಪನವರ ದನಿಗೆ ಇದ್ದ ಬೆಲೆ ಅವರ ಮನೆಯಲ್ಲಿ ಇರಲಿಲ್ಲ. ಕಡಲೆಯ ಸವಾಲು, ಅಂದರೆ ಹರಾಜು, ನಡೆದಾಗ ಅವರು ಒಮ್ಮೆ ಕೂಗಿದರೆ ಅಂಗಳದ ಆ ತುದಿಯಲ್ಲಿ ಚೀಲ ಹೊಲಿಯುತ್ತಿದ್ದವರೂ ಕತ್ತೆತ್ತಿ ನೋಡುತ್ತಿದ್ದರು. ಅದೇ ದನಿ ಮನೆಯಲ್ಲಿ ಭಜನೆಯ ಒಂದು ಸಾಲಿಗೆ ಕೂಡಿಕೊಂಡರೆ ಅವರ ಹೆಂಡತಿ ಕಳಕವ್ವ ಹಾಡು ನಿಲ್ಲಿಸಿ, ತಾಳ ಕೆಳಗಿಟ್ಟು ಕಾಯುತ್ತಿದ್ದರು. ರಸ್ತೆ ದಾಟಬೇಕಾದವರು ಲಾರಿ ಹೋಗಲಿ ಎಂದು ಅಂಚಿನಲ್ಲಿ ನಿಂತು ಕಾಯುವ ಹಾಗೆ.

"ಮುಗೀತೇನ್ರಿ?"

"ಮುಗೀತು," ಎನ್ನುತ್ತಿದ್ದರು ಮಹಾಲಿಂಗಪ್ಪ.

"ಹಂಗಾರ ನಾವ ಚಾಲೂ ಮಾಡ್ತೀವಿ."

ಸೊಸೆ ಭಾಗ್ಯಾ ಶಿರೋಳದಿಂದ ಈ ಮನೆಗೆ ಬಂದವಳು. ಗದಗಿನಲ್ಲಿ ಭೌತಶಾಸ್ತ್ರ ಓದಿ ಈಗ ರೋಣದ ಒಂದು ಕಾಲೇಜಿನಲ್ಲಿ ಅದನ್ನೇ ಹೇಳಿಕೊಡುತ್ತಿದ್ದಳು. ಅಳೆಯದೆ ಯಾವುದನ್ನೂ ನಂಬುವ ಸ್ವಭಾವ ಅವಳದಲ್ಲ. ಮದುವೆಯಾದ ಹೊಸದರಲ್ಲಿ ಮಾವನವರ ದನಿಯನ್ನು ಫೋನಿನಲ್ಲಿ ಹಿಡಿದು ಅಳೆದು ನೋಡಿದ್ದಳು. ಅವರು 'ಸಾ' ಎಂದು ಹಿಡಿದದ್ದು ಒಂದೇ ಉಸಿರಿನಲ್ಲಿ ರಿಷಭವನ್ನು ಮುಟ್ಟಿ, ಅಲ್ಲಿಯೂ ನಿಲ್ಲದೆ, ಏನೋ ಮರೆತವರ ಹಾಗೆ ಕೆಳಗಿನ ನಿಷಾದಕ್ಕೆ ಇಳಿದುಹೋಗಿತ್ತು. ಅತ್ತೆ ತಾಳ ಕೆಳಗಿಟ್ಟು ಕಾಯುತ್ತಿದ್ದುದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಈ ಫಲಿತಾಂಶವನ್ನು ಅವಳು ಯಾರಿಗೂ ಹೇಳಲಿಲ್ಲ, ಗಂಡ ಬಸ್ಯಾನಿಗೂ.

ಆ ವರ್ಷ ಮನೆಯ ಮಗಳು ಸುವರ್ಣಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ತೊಟ್ಟಿಲು ಹಾಕುವ ದಿನ ಗೊತ್ತಾಗಿ, ಗಜೇಂದ್ರಗಡದ ಬೀಗರಿಗೆ ಹೇಳಿಕಳಿಸಿಯೂ ಆಗಿತ್ತು. ಕಳಕವ್ವ ಗುಡಿಗೆ ಹೋಗಿದ್ದ ಒಂದು ಸಂಜೆ ಮಹಾಲಿಂಗಪ್ಪ ಭಾಗ್ಯಾಳ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಅವಳು ತನ್ನ ಕೀಬೋರ್ಡಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದಳು. ನರಗುಂದದಲ್ಲಿ ಮದುವೆಯ ಆರ್ಕೆಸ್ಟ್ರಾ ನಡೆಸುವ ದಿಲಾವರ ಹೊಸದನ್ನು ತಂದಾಗ ಹಳೆಯದನ್ನು ಇವಳಿಗೆ ಕೊಟ್ಟಿದ್ದ. ಬೆರಳಿಂದ ಒತ್ತುವ ಪಟ್ಟಿಗಳಲ್ಲಿ ಕೆಲವು ಸತ್ತಿದ್ದವು, ಇವಳು ಒಂದೊಂದಾಗಿ ಬದುಕಿಸುತ್ತಿದ್ದಳು.

"ಭಾಗ್ಯವ್ವ, ಒಂದ ಮಾತ ಕೇಳ್ಲೇನ? ನಗಬಾರದು."

"ನಗೂದಿಲ್ರಿ ಮಾವಾರ."

"ಹಂಗಲ್ಲ. ಮೊದಲ ನಕ್ಕ ಮುಗಸು, ಆಮ್ಯಾಲ ಹೇಳ್ತೀನಿ."

ಅವಳು ನಕ್ಕು ಮುಗಿಸಿದಳು. ಅವರು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು.

"ತೊಟ್ಟಲ ದಿನಾ ನಿಮ್ಮ ಅತ್ತಿ ಜೋಗುಳಾ ಹಾಡತಾಳಲ್ಲ, ಆವಾಗ ಅಕಿ ಮಗ್ಗಲಾಗ ಕುಂತು ನಾ ಏನಾರ ಬಾರಸಬೇಕು. ಬಾಯಿಲೆ ಅಲ್ಲ ಮತ್ತ. ಬಾಯಿ ನನಗ ಇಲ್ಲ ಅನ್ನೂದು ಇಡೀ ತಾಲೂಕಿಗೆ ಗೊತ್ತೈತಿ. ಕೈಲೆ."

"ಅತ್ತಿ ಏನಂತಾರ?"

"ಅಕಿಗೆ ಹೇಳಿದ್ರ ಕೆಟ್ಟಿತು. ನೋಡವಾ, ಬಸ್ಯಾನ ತೊಟ್ಟಲಕ್ಕೂ ಅಕಿನ ಹಾಡಿದ್ಲು, ಸುವರ್ಣಾನ ತೊಟ್ಟಲಕ್ಕೂ ಅಕಿನ. ಎರಡೂ ಸಲ ನನ್ನ ಎಲಿ ಹಾಸಾಕ ಕಳಿಸಿದ್ಲು. ಪಡಸಾಲ್ಯಾಗ ಜೋಗುಳ ನಡದಿತ್ತು, ನಾ ಹಿತ್ತಲದಾಗ ಬಾಳಿ ಎಲಿ ಒರಸ್ಕೋಂತ ಕೇಳಾಕತ್ತಿದ್ದೆ. ಮೊಮ್ಮಗಳಿಗೂ ಎಲೀನ ಹಾಸಬೇಕೇನ?"

ಭಾಗ್ಯಾಳಿಗೆ ನಗು ಮುಗಿದಿತ್ತು. ಅವರ ಕೈ ನೋಡಿದಳು. ಅಗಲವಾದ ಕೈ, ಮುಷ್ಟಿಯಲ್ಲಿ ಕಡಲೆ ಹಿಡಿದರೆ ಕಾಳಿನ ಹಸಿ ಎಷ್ಟೆಂದು ಹೇಳುವ ಕೈ. ಒಂದು ಬೆರಳಿಟ್ಟರೆ ಎರಡು ಪಟ್ಟಿಗಳು ಒಟ್ಟಿಗೆ ಇಳಿಯುವುದು ಖಂಡಿತ. ಕಲಿಸಿ ತಯಾರು ಮಾಡುವಷ್ಟು ದಿನಗಳಿರಲಿಲ್ಲ. ಇದ್ದಿದ್ದರೂ, ಫೋನಿನಲ್ಲಿ ಕಂಡ ಆ 'ಸಾ' ನೆನಪಾದರೆ, ಅಂಥ ಭರವಸೆ ಹುಟ್ಟುತ್ತಿರಲಿಲ್ಲ.

"ನೀ ಓದಿದಾಕಿ," ಎಂದರು ಅವರು. "ನಾ ತಪ್ಪ ಒತ್ತಿದ್ರೂ ಬರೋಬರಿ ಬರೂ ಹಂಗ ಮಾಡಾಕ ಬರತೈತೇನ?"

ಅವರು ಕೇಳಿದ್ದು ಹತಾಶೆಯಿಂದ. ಅವಳಿಗೆ ಅದು ಪ್ರಶ್ನೆಪತ್ರಿಕೆಯಲ್ಲಿ ಬಂದ ಒಳ್ಳೆಯ ಪ್ರಶ್ನೆಯಂತೆ ಕೇಳಿಸಿತು.

ಹಾರ್ಮೋನಿಯಂನಲ್ಲಿ ಪಟ್ಟಿ ಒತ್ತಿದರೆ ಗಾಳಿಗೆ ದಾರಿ ತೆರೆಯುತ್ತದೆ, ಸ್ವರ ಬಂದುಬಿಡುತ್ತದೆ. ನಡುವೆ ಕೈ ಹಾಕಲು ಜಾಗವಿಲ್ಲ. ಕೀಬೋರ್ಡಿನಲ್ಲಿ ಹಾಗಲ್ಲ. ಪಟ್ಟಿ ಒತ್ತಿದಾಗ ಅಲ್ಲಿಂದ ಹೊರಡುವುದು ಸ್ವರವಲ್ಲ, ಬರಿಯ ಒಂದು ಸಂಖ್ಯೆ. ಆ ಸಂಖ್ಯೆ ಧ್ವನಿ ಹುಟ್ಟಿಸುವ ಭಾಗಕ್ಕೆ ಹೋಗಿ ಮುಟ್ಟಿದ ಮೇಲೆಯೇ ಸ್ವರ. ದಾರಿಯಲ್ಲಿ ಲ್ಯಾಪ್‌ಟಾಪನ್ನು ಕೂರಿಸಿದರೆ, ಬಂದ ಸಂಖ್ಯೆಯನ್ನು ತೆಗೆದುಕೊಂಡು ಬೇರೊಂದನ್ನು ಮುಂದಕ್ಕೆ ಕಳಿಸಬಹುದು. ಒತ್ತಿದವರಿಗೆ ಗೊತ್ತೇ ಆಗುವುದಿಲ್ಲ.

ಯಾವುದನ್ನು ಕಳಿಸಬೇಕು ಎಂಬುದು ಮಾತ್ರ ತುಸು ಸೂಕ್ಷ್ಮ. ಹಾಡಿನ ಹಿಂದೆ ಆರ್ಕೆಸ್ಟ್ರಾದವರು ಮೂರು ಮೂರು ಸ್ವರಗಳ ಗುಂಪನ್ನು ಒಟ್ಟಿಗೆ ಹಿಡಿಯುತ್ತಾರೆ, ಅದಕ್ಕೆ ಕಾರ್ಡ್ ಅನ್ನುತ್ತಾರೆ. ಹಾಡು ತಿರುಗಿದ ಕಡೆ ಗುಂಪೂ ಬದಲಾಗುತ್ತದೆ. ಒಂದು ಗುಂಪಿಗೆ ಒಪ್ಪಿದ ಸ್ವರ ಮುಂದಿನ ಗುಂಪು ಬಂದಾಗ ಕಿವಿಗೆ ಮುಳ್ಳಾಗುತ್ತದೆ.

"ತಪ್ಪು ಸ್ವರ ಅನ್ನೂದ ಇಲ್ರಿ ಮಾವಾರ," ಎಂದಳು ಭಾಗ್ಯಾ. "ತಪ್ಪ ಹೊತ್ತಿನ್ಯಾಗ ಬಂದ ಸ್ವರ, ಅಷ್ಟ."

ಮಹಾಲಿಂಗಪ್ಪ ಯೋಚಿಸಿದರು. "ಅಂದ್ರ ಕಡ್ಲಿ ಸವಾಲ ನಡದಾಗ ಜೋಳದ ಚೀಲ ತಂದಿಟ್ಟಂಗ."

"ಬರೋಬರಿ. ಜೋಳಾ ಚಲೋನ ಐತಿ, ಹೊತ್ತ ಚಲೋ ಇಲ್ಲ."

"ನೀ ಏನ ಮಾಡ್ತಿ?"

"ನೀವು ಜೋಳಾ ತಂದಿಟ್ರೂ ಅದು ಒಳಗ ಹೋಗೂದ್ರಾಗ ಕಡ್ಲಿ ಮಾಡ್ತೀನಿ."

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಈ ಮಾತ ಮಾರ್ಕೆಟ್ಟಿನ್ಯಾಗ ಯಾರ ಮುಂದೂ ಆಡಬ್ಯಾಡವಾ."

ಪ್ರೋಗ್ರಾಂ ಬರೆಯುವುದು ಅವಳಿಗೆ ಕಷ್ಟವಾಗಲಿಲ್ಲ. ಒತ್ತಿದ ಪಟ್ಟಿ ಯಾವುದೇ ಇರಲಿ, ಆ ಹೊತ್ತಿನ ಗುಂಪಿನಲ್ಲಿ ಅದಕ್ಕೆ ಹತ್ತಿರದ ಸ್ವರ ಯಾವುದೋ ಅದನ್ನೇ ನುಡಿಸು ಎಂಬುದು ಅದರ ತಿರುಳು. ಗುಂಪು ಯಾವಾಗ ಬದಲಾಗಬೇಕೆಂದು ತಿಳಿಯಲು ಅತ್ತೆಯ ಜೋಗುಳ ಬೇಕಾಗಿತ್ತು.

"ಅತ್ತೀ, ಆ ಜೋಗುಳಾ ಒಮ್ಮೆ ಹಾಡ್ರಿ, ನಾನೂ ಕಲೀತೀನಿ," ಎಂದು ಕೇಳಿದಳು.

ಕಳಕವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ತೊಟ್ಟಲ ಇನ್ನೂ ಕಟ್ಟಿಲ್ಲ, ಯಾರಿಗೆ ಹಾಡ್ಲೆವಾ? ನಿನ್ನ ಲ್ಯಾಪ್‌ಟಾಪಿಗೇನ?"

ಅದು ನಿಜವೇ ಆಗಿತ್ತು. ಕೇಳಿದರೆ ಹಾಡದ ಕಳಕವ್ವ ಕೇಳದಿದ್ದಾಗ ಹಾಡುತ್ತಿದ್ದರು. ಮುಂಜಾನೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವಾಗ ಆ ಜೋಗುಳ ತಾನಾಗಿ ಹೊರಡುತ್ತಿತ್ತು. ಹಾಡುತ್ತಿದ್ದೇನೆ ಎಂಬುದು ಅವರಿಗೇ ಗೊತ್ತಿರುತ್ತಿರಲಿಲ್ಲ. ಭಾಗ್ಯಾ ಹಿಟ್ಟಿನ ಡಬ್ಬಿಯ ಹಿಂದೆ ಫೋನ್ ಇಟ್ಟಳು. ಒಂದು ದಿನ ಸಾಲದೆಂದು ಮರುದಿನವೂ ಇಟ್ಟಳು, ಅದರ ಮರುದಿನವೂ. ರೊಟ್ಟಿ ಬಡಿಯುವ ಸಪ್ಪಳವನ್ನು ಲ್ಯಾಪ್‌ಟಾಪಿನಲ್ಲಿ ತೊಡೆದುಹಾಕಿ ಹಾಡನ್ನಷ್ಟೇ ಉಳಿಸಿಕೊಂಡಳು. ಹೋಲಿಸಿ ನೋಡಿದರೆ ಮೂರೂ ಸಲದ ಹಾಡಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದೇ ಓಟ, ಅದೇ ತಿರುವು, ನುಡಿ ಮುಗಿದ ಮೇಲೆ ಅದೇ ಗಂಭೀರವಾದ ನಿಲುಗಡೆ. ಅತ್ತೆಯ ಲಯಜ್ಞಾನಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಅಳೆದಷ್ಟು ಸಲವೂ ಒಂದೇ ಉತ್ತರ ಬಂದರೆ ಅಳತೆ ಸರಿಯಿದೆ ಎಂದು ಕಾಲೇಜಿನಲ್ಲಿ ಹೇಳಿಕೊಡುತ್ತಿದ್ದವಳು ಅವಳೇ. ಆ ಅಳತೆಯಂತೆಯೇ ಯಾವ ಕ್ಷಣಕ್ಕೆ ಯಾವ ಗುಂಪು ಎಂಬ ವೇಳಾಪಟ್ಟಿಯನ್ನು ಪ್ರೋಗ್ರಾಂಗೆ ಬರೆದಳು. ಅತ್ತೆ ಆ ದಿನ ಯಾವ ಶ್ರುತಿಯಲ್ಲಿ ಎತ್ತಿಕೊಂಡರೂ ಇಡೀ ಪಟ್ಟಿಸಾಲು ಅಲ್ಲಿಗೇ ಸರಿಯುವಂತೆ ಇನ್ನೊಂದು ಏರ್ಪಾಡು ಮಾಡಿ, ಇನ್ನು ತಪ್ಪಲು ಏನೂ ಉಳಿದಿಲ್ಲವೆಂದು ತೃಪ್ತಿಪಟ್ಟಳು.

ತಾಲೀಮು ಮಾವನವರ ಕಡಲೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಡೆಯಿತು. ಮಧ್ಯಾಹ್ನ ಸವಾಲು ಮುಗಿದ ಮೇಲೆ, ಕಡಲೆ ಚೀಲಗಳ ಮೇಲೆ ಕೀಬೋರ್ಡ್ ಇಟ್ಟುಕೊಂಡು, ಮಹಾಲಿಂಗಪ್ಪ ಮೊದಲ ಪಟ್ಟಿ ಒತ್ತಿದರು. ಇಂಪಾದ ಸ್ವರ ಬಂತು. ಬೆಚ್ಚಿ ಕೈ ತೆಗೆದರು. ಇನ್ನೊಂದು ಒತ್ತಿದರು. ಅದೂ ಸರಿ. ಫೋನಿನಿಂದ ಕಳಕವ್ವನವರ ಹಾಡು ಹೊರಟಿತು. ಮಹಾಲಿಂಗಪ್ಪನವರ ಬೆರಳುಗಳು ಎಲ್ಲೆಲ್ಲಿ ಬಿದ್ದರೂ ಸ್ವರಗಳು ಹಾಡಿನ ಸೆರಗು ಹಿಡಿದುಕೊಂಡು ಹಿಂದೆ ಹಿಂದೆ ನಡೆದವು.

ಚಹಾ ತಂದ ಬಸ್ಯಾ ಬಾಗಿಲಲ್ಲೇ ನಿಂತ. "ಯಪ್ಪಾ, ನೀನ ಬಾರಸಾಕತ್ತೀಯೇನ? ನಾ ರೇಡಿಯೋ ಅಂದ್ಕೊಂಡೆ."

ಮೊದಲ ದಿನ ಮಹಾಲಿಂಗಪ್ಪನವರಿಗೆ ನೆಲದ ಮೇಲೆ ಕಾಲಿರಲಿಲ್ಲ. ಎರಡನೆಯ ದಿನ ಅವರ ಹುಬ್ಬುಗಳು ಕೂಡಿದವು. ಪರೀಕ್ಷೆಗೆಂದು ಒಮ್ಮೆ ಕಣ್ಣು ಮುಚ್ಚಿ ಒತ್ತಿದರು. ಆಮೇಲೆ ಅಂಗೈ ಇಟ್ಟರು. ಕೊನೆಗೆ ಮೊಳಕೈ ಊರಿದರು. ಮೊಳಕೈಯಿಂದಲೂ ಮಧುರವಾಗಿಯೇ ಬಂತು.

"ಭಾಗ್ಯವ್ವ, ಇದು ಕೆಟ್ಟ ತಕ್ಕಡಿ."

"ಯಾಕ್ರಿ?"

"ಏನ ಇಟ್ರೂ ಒಂದ ತೂಕ ತೋರಸ್ತೈತಿ. ಹಿಂತಾದನ್ನ ನಾ ಅಂಗಡ್ಯಾಗ ಇಟ್ಟಿದ್ರ ರೈತರು ನನ್ನ ಹೊತ್ತ ಒಯ್ತಿದ್ರು." ಮೊಳಕೈ ತೆಗೆದು ಕೇಳಿದರು. "ಇದ್ರಾಗ ನಂದ ಏನೈತಿ?"

ಸ್ವರ ಅವರದಲ್ಲ, ಗುಂಪು ಬದಲಾಗುವ ವೇಳಾಪಟ್ಟಿಯೂ ಅವರದಲ್ಲ. "ಧೈರ್ಯಾ ನಿಮ್ದ್ರಿ ಮಾವಾರ," ಎಂದಳು.

"ಅದು ಮನ್ಯಾಗ ಮೊದ್ಲ ಕಮ್ಮಿ ಐತಿ," ಎಂದು ಅವರು ಮತ್ತೆ ಬೆರಳು ಇಟ್ಟರು. ಎಲೆ ಒರೆಸುವುದಕ್ಕಿಂತ ಇದೇ ವಾಸಿ ಎಂದುಕೊಂಡಿರಬೇಕು.

ತೊಟ್ಟಿಲ ದಿನ ಪಡಸಾಲೆ ತುಂಬಿತು. ಗಜೇಂದ್ರಗಡದಿಂದ ಬೀಗರು ಬಂದಿಳಿದರು. ಬೀಗಿತಿ ಪುಷ್ಪಾವತಿ ಎಂದರೆ ಎತ್ತರದ ದನಿಯ, ಎಲ್ಲರನ್ನೂ ನಗಿಸುವ ಹೆಂಗಸು. ಕಟ್ಟಿಗೆಯ ತೊಟ್ಟಿಲಿಗೆ ಹೂ ಸುತ್ತಿದ್ದರು. ಕಡಲೆ ಗುಗ್ಗರಿಯ ವಾಸನೆ ಅಡುಗೆಮನೆಯಿಂದ ಬರುತ್ತಿತ್ತು. ಕೂಸಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿ, ರೂಢಿಯಂತೆ ಹೆಂಗಸರಿಂದ ಬೆನ್ನಿಗೆ ಗುದ್ದಿಸಿಕೊಂಡು ಎದ್ದಳು. ಕಳಕವ್ವ ಸೆರಗು ಸರಿಮಾಡಿಕೊಂಡು ತೊಟ್ಟಿಲ ಹಗ್ಗ ಹಿಡಿಯಲು ತಿರುಗಿದರು. ಪಕ್ಕದ ಮಣೆಯ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಂದೆ ಕೀಬೋರ್ಡ್ ಇಟ್ಟುಕೊಂಡು ಗಂಡ ಕುಳಿತಿದ್ದರು.

"ಇದೇನ್ರಿ ಇದು?"

"ಬಾರಸ್ತೀನಿ," ಎಂದರು ಮಹಾಲಿಂಗಪ್ಪ. ಮಾರುಕಟ್ಟೆಯ ದನಿ ಎಲ್ಲೋ ಹೋಗಿತ್ತು.

"ಯಾರನ್ನ?"

ಹೆಂಗಸರು ನಕ್ಕರು. ಪುಷ್ಪಾವತಿ ಮುಂದೆ ಬಗ್ಗಿ, "ಬೀಗರು ಸಂಗೀತಾ ಕಲ್ತಾರೇನ್ರಿ? ನಮಗ ಹೇಳ್ಲೇ ಇಲ್ಲ," ಎಂದರು.

"ನನಗೂ ಹೇಳಿಲ್ರಿ," ಎಂದರು ಕಳಕವ್ವ. ಬೀಗರು ಇರದಿದ್ದರೆ ಆ ಮಣೆ ಆಗಲೇ ಖಾಲಿಯಾಗುತ್ತಿತ್ತು. ಬೀಗರ ಮುಂದೆ ಯಜಮಾನರನ್ನು ಎಬ್ಬಿಸುವಂತಿಲ್ಲ. ಅವರು ಗಂಡನ ಕಿವಿಯ ಹತ್ತಿರ ಬಾಗಿ, ನಗುಮುಖ ಕೆಡಿಸದೆ ಹೇಳಿದರು. "ಒಂದ ನುಡಿ ನೋಡ್ತೀನಿ. ಆಮ್ಯಾಲ ಎಲಿ ಅದಾವ."

ಲ್ಯಾಪ್‌ಟಾಪಿನ ಹಿಂದೆ ಕುಳಿತಿದ್ದ ಭಾಗ್ಯಾಳಿಗೆ ಅದು ಕೇಳಿಸಿತು. ಕಳಕವ್ವ ಎತ್ತಿಕೊಂಡ ಶ್ರುತಿಗೆ ಪಟ್ಟಿಸಾಲನ್ನು ಹೊಂದಿಸಿ, ಮೊದಲ ಸಾಲಿಗೆ ಸರಿಯಾಗಿ ವೇಳಾಪಟ್ಟಿಯನ್ನು ಚಾಲೂ ಮಾಡಿದಳು.

ಮೊದಲ ನುಡಿ ಬೆಣ್ಣೆಯ ಹಾಗೆ ಜಾರಿತು. ಮಹಾಲಿಂಗಪ್ಪನವರ ದಪ್ಪ ಬೆರಳುಗಳಿಂದ ಒಂದೊಂದೇ ಸ್ವರ ಇಳಿದು ಹಾಡಿನ ಕೆಳಗೆ ಹಾಸಿಕೊಂಡಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸುವರ್ಣಾ ಬಾಯಿ ತೆರೆದವಳು ಮುಚ್ಚಲಿಲ್ಲ. ಕಳಕವ್ವ ಹಾಡುತ್ತಲೇ ಒಂದು ಹುಬ್ಬು ಏರಿಸಿದರು. ಆ ಮನೆಯಲ್ಲಿ ಅದು ದೊಡ್ಡ ಬಹುಮಾನ.

ನುಡಿ ಮುಗಿಯಿತು. ಸುತ್ತ ಕುಳಿತ ಹೆಂಗಸರು ಉಸಿರು ಬಿಡುವಷ್ಟೂ ತಡಮಾಡದೆ 'ಜೋ ಜೋ' ಎಂದು ಎತ್ತಿಕೊಂಡರು. ಅವರ ಬಾಲ ಹಿಡಿದು ಕಳಕವ್ವ ಎರಡನೆಯ ನುಡಿಗೆ ನಡೆದರು. ಹಾಡು ಹೋಯಿತು, ಕೀಬೋರ್ಡ್ ಮಾತ್ರ ಹೋಗಲಿಲ್ಲ. ಅದು ಮುಗಿದ ನುಡಿಯ ಗುಂಪನ್ನೇ ಹಿಡಿದುಕೊಂಡು, ಯಾರಿಗೋ ಕಾಯುವ ಹಾಗೆ ನಿಂತೇ ಇತ್ತು. ಮಹಾಲಿಂಗಪ್ಪ ಒತ್ತಿದ್ದು ಹಾಡಿಗೆ ಅಡ್ಡ ಬಿತ್ತು. ಅವರಿಗೆ ತಿಳಿಯಿತು, ಬೇರೆ ಪಟ್ಟಿ ಒತ್ತಿದರು. ಯಂತ್ರ ಅದನ್ನೂ ಎಳೆದು ಹಳೆಯ ಗುಂಪಿಗೇ ತಂದು ಹಾಕಿತು. ಮೂರನೆಯ ನುಡಿಗೆ ಅಂತರ ಇನ್ನೂ ಬೆಳೆಯಿತು. ಅವರು ಎಲ್ಲಿ ಒತ್ತಿದರೂ ತಪ್ಪು.

ಭಾಗ್ಯಾಳಿಗೆ ಕಾರಣ ತಿಳಿಯಲಿಲ್ಲ. ಪರದೆಯನ್ನೇ ನೋಡಿದಳು, ಎಲ್ಲವೂ ಬರೆದ ಹಾಗೆಯೇ ನಡೆಯುತ್ತಿತ್ತು. ನುಡಿ, ನಿಲುಗಡೆ, ನುಡಿ, ನಿಲುಗಡೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳ ಬಂತು. ಸಪ್ಪಳ ನಿಂತಿತು. ತುಸು ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಆಗ ಅವಳಿಗೆ ತಿಳಿಯಿತು.

ಬಡಿದ ರೊಟ್ಟಿಯನ್ನು ಎರಡು ಅಂಗೈಗಳ ಮೇಲೆ ಎತ್ತಿ ಹಂಚಿಗೆ ಹಾಕುವಾಗ ಯಾರೂ ಹಾಡುವುದಿಲ್ಲ. ಉಸಿರು ಹಿಡಿಯುತ್ತಾರೆ. ಹಾಕಿ, ಮೇಲೆ ನೀರು ಸವರಿ, ಮುಂದಿನ ಉಂಡೆ ಕೈಗೆ ಬಂದ ಮೇಲೆಯೇ ಮುಂದಿನ ನುಡಿ. ಒಂದು ನುಡಿಗೆ ಒಂದು ರೊಟ್ಟಿ. ಅವಳು ಸಪ್ಪಳವನ್ನು ತೊಡೆದು, ಅದು ಬಿಟ್ಟುಹೋದ ಬಿಡುವನ್ನು ಹಾಡೆಂದು ಅಳೆದಿದ್ದಳು, ಬಹಳ ಜಾಗ್ರತೆಯಿಂದ, ಮೂರು ಸಲ.

ಕಳಕವ್ವ ಹಾಡು ನಿಲ್ಲಿಸಿದರು. ತೊಟ್ಟಿಲ ಹಗ್ಗ ಹಿಡಿದೇ ಕಾದರು. ಮಹಾಲಿಂಗಪ್ಪ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಾ ಊಟದ ವ್ಯವಸ್ಥಾ ನೋಡ್ತೀನಿ," ಎಂದು ಏಳಹೊರಟರು.

"ಮಾವಾರ, ತಡೀರಿ!" ಭಾಗ್ಯಾ ಎದ್ದು ನಿಂತಳು. "ಅತ್ತೀ, ತಪ್ಪ ಮಾವಾರದಲ್ಲ, ನಂದು. ನೀವು ರೊಟ್ಟಿ ಬಡಿಯೂ ಮುಂದ ಹಾಡಿದ್ದನ್ನ ಕದ್ದ ರೆಕಾರ್ಡ್ ಮಾಡಿದ್ದೆ. ಒಂದ ನುಡಿ ಮುಗದ ಕೂಡ್ಲೆ ನೀವು ರೊಟ್ಟಿ ಹಂಚಿಗೆ ಹಾಕತಿದ್ರಿ. ಈ ಮಶೀನ ಈಗೂ ರೊಟ್ಟಿ ಹಾಕಾಕತ್ತೈತ್ರಿ."

ಮೊದಲು ಅರ್ಥವಾದದ್ದು ಪುಷ್ಪಾವತಿಗೆ. ಅವರು ತೊಡೆ ತಟ್ಟಿಕೊಂಡು ನಕ್ಕರು. "ಅಂದ್ರ ಬೀಗರು ಇಷ್ಟೊತ್ತನ ರೊಟ್ಟಿ ಮಾಡಾಕತ್ತಿದ್ರು!"

"ಅಪ್ಪಾ, ಎಷ್ಟ ಆದ್ವು?" ಎಂದಳು ಸುವರ್ಣಾ.

"ಎರಡ ಆದ್ವು, ಮೂರನೇದು ಹೊತ್ತಿತು," ಎಂದ ಬಾಗಿಲಲ್ಲಿದ್ದ ಬಸ್ಯಾ.

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಮಹಾಲಿಂಗಪ್ಪನವರೂ ನಕ್ಕರು. ಆದರೆ ಅರ್ಧ ಎದ್ದವರು ಕುಳಿತುಕೊಳ್ಳಲಿಲ್ಲ. ಕಳಕವ್ವ ನಗಲಿಲ್ಲ. ಸೊಸೆಯನ್ನು ನೋಡಿ, "ನನ್ನ ಒಲೀ ಮುಂದ ಫೋನ ಇಟ್ಟಿದ್ದೇನ?" ಎಂದರು. ಆಮೇಲೆ, "ಲಗೂ ಮಾಡವಾ, ಗುಗ್ಗರಿ ಆರತಾವ."

ಅದನ್ನು ಒಪ್ಪಿಗೆ ಎಂದುಕೊಂಡು ಭಾಗ್ಯಾ ವೇಳಾಪಟ್ಟಿಯನ್ನು ತೆಗೆದುಹಾಕಿದಳು. ಲ್ಯಾಪ್‌ಟಾಪಿನ ಉದ್ದನೆಯ ಗುಂಡಿ ಒತ್ತಿದಾಗ ಮಾತ್ರ ಗುಂಪು ಮುಂದಕ್ಕೆ ಸರಿಯುವಂತೆ ಬದಲಿಸಿ, ತಾನೇ ಬೆರಳಿಟ್ಟುಕೊಂಡು ಕುಳಿತಳು. ಮಹಾಲಿಂಗಪ್ಪ ಮಣೆಯ ತುದಿಯಲ್ಲಷ್ಟೇ ಕುಳಿತರು. ಹಾಡು ಹೊರಟಿತು. ಹಾಡು ತಿರುಗಿದ್ದು ಕೇಳಿಸಿದ ಕೂಡಲೆ ಅವಳು ಒತ್ತಿದಳು. ಕೂಡಲೆ ಎಂದರೂ ಅದು ಕೂದಲೆಳೆಯಷ್ಟು ತಡ. ಸ್ವರಗಳು ಹಾಡಿನ ಹಿಂದೆ ಕುಂಟುತ್ತ ಬಂದವು. ಹಾಡು ತಿರುಗಿತೆಂಬುದಕ್ಕೆ ಪುರಾವೆ ಸಿಗದೆ ಒತ್ತುವುದು ಅವಳಿಗೆ ಬರುತ್ತಿರಲಿಲ್ಲ. ಪುರಾವೆ ಸಿಗುವ ಹೊತ್ತಿಗೆ ಹಾಡು ಮುಂದೆ ಹೋಗಿರುತ್ತಿತ್ತು.

ಆಗ ಅವಳ ಕಣ್ಣು ಮಾವನವರ ಎಡಗೈಯ ಮೇಲೆ ಬಿತ್ತು. ಬಲಗೈ ಪಟ್ಟಿಗಳ ಮೇಲೆ ತಡವರಿಸುತ್ತಿತ್ತು. ಎಡಗೈ ಕೆಲಸ ಇಲ್ಲದೆ ಮೊಣಕಾಲ ಮೇಲಿತ್ತು. ಕಳಕವ್ವನವರ ಹಾಡು ತಿರುಗುವ ಮುಂಚೆ, ಪ್ರತಿ ಸಲವೂ, ಆ ಕೈಯ ತೋರುಬೆರಳು ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಿತ್ತು. ಮುಟ್ಟಿದ್ದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಭಾಗ್ಯಾ ಒಂದು ನುಡಿಯುದ್ದಕ್ಕೂ ನೋಡಿದಳು. ಒಮ್ಮೆಯೂ ತಪ್ಪಲಿಲ್ಲ. ಸಾ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯನಿಗೆ ಹೆಂಡತಿ ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ತಿರುಗುತ್ತಾಳೆ ಎಂಬುದು ಬೆರಳಿಗೇ ಗೊತ್ತಿತ್ತು. ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡು, ಹಿತ್ತಲಿಂದ, ಗೋಡೆಯಾಚೆಯಿಂದ ಆ ಹಾಡನ್ನೇ ಕೇಳಿದ ಬೆರಳು.

ನುಡಿ ಮುಗಿದದ್ದೇ ಅವಳು ಲ್ಯಾಪ್‌ಟಾಪನ್ನು ಅವರ ಎಡಗೈಯ ಕಡೆಗೆ ಸರಿಸಿದಳು.

"ಮಾವಾರ, ಹಾಡ ತಿರಗತೈತಿ ಅನಸಿದಾಗ ಈ ಉದ್ದಂದು ಒತ್ರಿ."

"ತಪ್ಪಿದ್ರ?"

"ತಪ್ಪಿದ್ರ ತಪ್ಪ್ರಿ. ಇದನ್ನ ಮಶೀನ ತಿದ್ದೂದಿಲ್ಲ."

ಅವರು ಪೂರ್ತಿ ಕುಳಿತುಕೊಂಡರು. ಅಂಗಿಯ ತೋಳು ಏರಿಸಿದರು. ಮುಂದಿನ ನುಡಿಗೆ ಮೊದಲ ತಿರುವು ಬಂತು, ಅವರ ಬೆರಳು ಇಳಿಯಿತು, ಹಾಡೂ ಸ್ವರವೂ ಒಂದೇ ಬಾಗಿಲಲ್ಲಿ ಒಟ್ಟಿಗೆ ಒಳಹೊಕ್ಕವು. ಎರಡನೆಯದೂ ಹಾಗೆಯೇ. ಪುಷ್ಪಾವತಿ ಪಕ್ಕದವಳನ್ನು ಮೊಳಕೈಯಿಂದ ತಿವಿದರು.

ಕಳಕವ್ವ ಗಂಡನ ಕಡೆ ತಿರುಗಿ ನೋಡಿದರು. ಅವರ ಕಣ್ಣಿನಲ್ಲಿ ಒಂದು ತುಂಟತನ ಬಂದುದನ್ನು ಭಾಗ್ಯಾ ಕಂಡಳು. ಜೋಗುಳದಲ್ಲಿ ಒಬ್ಬೊಬ್ಬ ನೆಂಟರಿಗೂ ಒಂದೊಂದು ನುಡಿ ಕಟ್ಟಿ ಹಾಡುವುದು ಅವರ ರೂಢಿ. ಈ ಸಲ ಅಲ್ಲೇ ಕಟ್ಟಿದರು:

"ಅಜ್ಜಾ ಬಂದಾನ ಕೂಸ, ಅಂಗಡಿ ಕೀಲಿ ಹಾಕಿ,
ಸುಮ್ಮ ಕುಂಡ್ರಂದ್ರ ಕುಂಡ್ರವಲ್ಲ..."

'ವಲ್ಲ' ಎಂಬಲ್ಲಿ ತಿರುಗಬೇಕಿತ್ತು. ತಿರುಗಲಿಲ್ಲ. ದನಿಯನ್ನು ಹಾಗೇ ಎಳೆದು ಹಿಡಿದರು. ಮಹಾಲಿಂಗಪ್ಪನವರ ಬೆರಳು ಗುಂಡಿಯ ಮೇಲೆ, ಮುಟ್ಟಿಯೂ ಮುಟ್ಟದೆ ನಿಂತಿತು. ಕಳಕವ್ವ ಮುಂದಕ್ಕೆ ಹೋಗುವ ಬದಲು ಹಿಂದಿನ ಸಾಲಿಗೇ ಮರಳಿ, ಅಜ್ಜನನ್ನು ಇನ್ನೊಮ್ಮೆ ಅಂಗಡಿಯಿಂದ ಕರೆತಂದರು. ಬೆರಳು ಅಲ್ಲೇ ಇತ್ತು. ಮತ್ತೆ 'ಕುಂಡ್ರವಲ್ಲ' ಬಂತು, ಎಳೆತ ಬಂತು. ಈಗಲೂ ಹಿಡಿಯುತ್ತಾರೆಂದು ಎಲ್ಲರೂ ಅಂದುಕೊಂಡಾಗ, ಅವರು ಏನೂ ಸುಳಿವು ಕೊಡದೆ ಥಟ್ಟನೆ ತಿರುಗಿಬಿಟ್ಟರು.

ಗುಂಡಿ ಆಗಲೇ ಇಳಿದಿತ್ತು. ಸ್ವರ ಮೊದಲೇ ಅಲ್ಲಿ ಹೋಗಿ ಅವರಿಗಾಗಿ ಕಾದಿತ್ತು.

ಕಳಕವ್ವನವರಿಗೆ ತಡೆಯಲಾಗಲಿಲ್ಲ. ಸಾಲಿನ ನಡುವೆಯೇ ನಗು ಉಕ್ಕಿ, ಹಿಡಿದ ಸ್ವರ ಕೈತಪ್ಪಿ, ಎಲ್ಲರ ಮುಂದೆ, ಬೀಗರ ಮುಂದೆ, ಎಲ್ಲೋ ಜಾರಿ ಬಿತ್ತು. ಆ ಅಪಸ್ವರವನ್ನು ಯಾವ ಲ್ಯಾಪ್‌ಟಾಪೂ ಹಿಡಿಯಲಿಲ್ಲ. ಅವರ ಬಾಯಿಗೂ ಪಡಸಾಲೆಗೂ ನಡುವೆ ಯಾವ ಯಂತ್ರವೂ ಇರಲಿಲ್ಲ.

ಮಹಾಲಿಂಗಪ್ಪ ಎರಡೂ ಕೈ ಮೇಲೆತ್ತಿ, ಸುತ್ತ ಕುಳಿತವರಿಗೆಲ್ಲ ತೋರಿಸಿದರು. "ನೋಡ್ರಿ ಮತ್ತ. ಈಗ ತಪ್ಪಿದ್ದು ನಾನಲ್ಲ. ಸಾಕ್ಷಿ ಇರ್ರಿ."

ಕಳಕವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ತೊಟ್ಟಿಲ ಹಗ್ಗವನ್ನು ಮತ್ತೆ ಹಿಡಿದು, ಗಂಡನ ಮೊಣಕಾಲನ್ನು ಮೊಣಕಾಲಿನಿಂದ ತಿವಿದರು.

"ಕೈ ಕೆಳಗ ಇಡ್ರಿ," ಎಂದರು. "ಬಾರಸ್ರಿ. ಬೀಗರ ನುಡಿ ಇನ್ನೂ ಬಾಕಿ ಅದಾವ."